ಬ್ಯಾಂಕು ಬೆಲ್ಲದ ರುಚಿ ನೋಡುವುದಿಲ್ಲ

ಪ್ರತಿ ವರ್ಷ ಮೈಸೂರಿನ ನನ್ನ ಆಫೀಸಿಗೆ ನಾಲ್ಕಾರು ಎಂಬಿಎ ಮಕ್ಕಳು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಎಲ್ಲರೂ ಇಂಟರ್‌ನ್ಯಾಷನಲ್ ಬಿಸಿನೆಸ್ ತಗೊಂಡವರು. ರಫ್ತಿನ ದಾಖಲೆ ಮಾಡಿಕೊಡುವುದು ನನ್ನ ಕೆಲಸ. ಅಗರಬತ್ತಿ, ರೇಷ್ಮೆ, ಮಂಡ್ಯದ ಬೆಲ್ಲ, ಹೆಬ್ಬಾಳದ ಕಾರ್ಖಾನೆಗಳ ಬಿಡಿಭಾಗ, ಹೀಗೆ ಏನೇನೋ ಸರಕಿನ ಕಾಗದ ನನ್ನ ಮೇಜಿಗೆ ಬರುತ್ತದೆ. ಮಕ್ಕಳು ಒಂದು ವಾರ ಅದನ್ನು ನೋಡಿ ಮುಖ ಸಣ್ಣ ಮಾಡುತ್ತಾರೆ. "ಮೇಡಂ, ಇದು ಕ್ಲರ್ಕ್ ಕೆಲಸ ಅಲ್ವಾ? ನಮಗೆ ಸ್ಟ್ರಾಟೆಜಿ ಏನಾದ್ರೂ ಕೊಡಿ."

ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇನ್‌ಕೋಟರ್ಮ್ಸ್ 2020ರ 11 ಪದಗಳು, ಅಂದರೆ ಸಾಗಣೆಯ ಖರ್ಚು, ರಿಸ್ಕ್ ಎಲ್ಲಿವರೆಗೆ ಯಾರದ್ದು ಎಂದು ಹೇಳುವ ಪದಗಳು, ಇವರಿಗೆ ಬಾಯಿಪಾಠ. ಸರಕನ್ನು ವಿಂಗಡಿಸುವ ಎಚ್‌ಎಸ್ ಕೋಡ್, ಆಮದು ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಎಲ್ಲ ಗೊತ್ತು. ಆದರೆ ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್, ಕೈಗೆ ಕೊಟ್ಟರೆ ಓದಲು ಬರುವುದಿಲ್ಲ.

ಎಲ್‌ಸಿ ಯಾಕೆ ಹುಟ್ಟಿತು ನೋಡಿ. ಮಾರುವವನು ಮಂಡ್ಯದಲ್ಲಿ, ಕೊಳ್ಳುವವನು ದುಬೈನಲ್ಲಿ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಆಗ ಕೊಳ್ಳುವವನ ಬ್ಯಾಂಕು ಮಧ್ಯೆ ಬಂದು ಮಾತು ಕೊಡುತ್ತದೆ: ಇಂಥಿಂಥ ಕಾಗದಗಳನ್ನು, ಹೀಗೇ ಬರೆದು, ಇಂಥ ದಿನದೊಳಗೆ ತೋರಿಸಿದರೆ ನಾನು ದುಡ್ಡು ಕೊಡುತ್ತೇನೆ. ಸರಕು ಚೆನ್ನಾಗಿದ್ದರೆ ಕೊಡುತ್ತೇನೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಎಲ್‌ಸಿ ಕುರಿತ ಯುಸಿಪಿ 600 ನಿಯಮಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಬ್ಯಾಂಕಿನ ವ್ಯವಹಾರ ದಾಖಲೆಗಳ ಜೊತೆಗೇ ಹೊರತು ಸರಕಿನ ಜೊತೆಗಲ್ಲ ಎಂದು ಅದರ 5ನೇ ವಿಧಿ ನೇರವಾಗಿ ಹೇಳುತ್ತದೆ.

ಇದನ್ನು ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ. ಹತ್ತು ನಿಮಿಷದ ನಂತರ ಅದೇ ಪ್ರಶ್ನೆ. "ಆದ್ರೂ ಮಾಲು ಚೆನ್ನಾಗಿತ್ತಲ್ಲ ಮೇಡಂ, ಮತ್ಯಾಕೆ ದುಡ್ಡು ಕೊಡಲಿಲ್ಲ?" ಅದಕ್ಕೇ ಒಂದು ಹಳೆಯ ಫೈಲ್ ತೆಗೆದು ತೋರಿಸುತ್ತೇನೆ.

ಮಂಡ್ಯ ಕಡೆಯ ಒಬ್ಬ ರಫ್ತುದಾರರು. ತುಂಬಾ ಒಳ್ಳೆಯ ಮನುಷ್ಯ. ಅವರ ಆಲೆಮನೆಯಲ್ಲಿ ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ರಾಸಾಯನಿಕ ಹಾಕುತ್ತಿರಲಿಲ್ಲ. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಹಾಕಿ, ಕೊಪ್ಪರಿಗೆಯ ಕೊಳೆಯೆಲ್ಲ ತೆಗೆದು ಮಾಡಿದ ಬೆಲ್ಲದ ಪುಡಿ. ಎಲ್‌ಸಿಯ 45ಎ ಕಲಂನಲ್ಲಿ ಸರಕಿನ ಹೆಸರು 'ಆರ್ಗ್ಯಾನಿಕ್ ಕೇನ್ ಜಾಗರಿ ಪೌಡರ್' ಅಂತಿತ್ತು. ಇವರು ಮನೆಯಲ್ಲೇ ಟೈಪ್ ಮಾಡಿಸಿದ ಇನ್‌ವಾಯ್ಸ್‌ನಲ್ಲಿ ಬರೀ 'ಜಾಗರಿ ಪೌಡರ್'. ಎರಡು ಪದ ಬಿಟ್ಟುಹೋಗಿದ್ದವು. ಇನ್‌ವಾಯ್ಸ್‌ನಲ್ಲಿ ಸರಕಿನ ವಿವರ ಎಲ್‌ಸಿಗೆ ಹೊಂದಲೇಬೇಕು. ಕಾಗದ ಪರಿಶೀಲಿಸಲು ಬ್ಯಾಂಕಿಗೆ ಇರುವುದು ಹೆಚ್ಚೆಂದರೆ 5 ಕೆಲಸದ ದಿನ. ಅದರೊಳಗೇ ತಕರಾರು ಬಂತು. ತಿದ್ದಿ ಮತ್ತೆ ಕೊಡೋಣ ಅಂದರೆ ಇವರು ಕೊಟ್ಟಿದ್ದೇ ಕೊನೆಯ ದಿನ, ಎಲ್‌ಸಿ ಅವಧಿ ಮುಗಿದಿತ್ತು. ಕಂಟೇನರ್ ಆಗಲೇ ದುಬೈನ ಜೆಬೆಲ್ ಅಲಿ ಬಂದರಿನಲ್ಲಿ. ದಿನದಿನಕ್ಕೂ ಬಾಡಿಗೆ ಏರುತ್ತಿತ್ತು. ಕೊಳ್ಳುವವನು ರೇಟು ಇಳಿಸಿದರೆ ಕಾಗದ ಒಪ್ಪುತ್ತೇನೆ ಅಂದ. ಇವರು ಇಳಿಸಿದರು. ನನ್ನ ಹತ್ತಿರ ಬಂದಿದ್ದು ಅದೆಲ್ಲ ಆದ ಮೇಲೆ. ಈ ಕುರ್ಚಿಯಲ್ಲೇ ಕೂತು, "ಒಂದು ಚೂರು ಕಲಬೆರಕೆ ಮಾಡಿಲ್ಲ ಮೇಡಂ" ಅಂತ ಎರಡು ಮೂರು ಸಲ ಹೇಳಿದರು. ಅವರ ದನಿ ನನಗೆ ಇವತ್ತಿಗೂ ನೆನಪಿದೆ.

ಹೋದ ವರ್ಷ ಪಾಂಡವಪುರದ ಒಬ್ಬ ಹುಡುಗಿ ಈ ಫೈಲ್ ಓದಿ ಸುಮ್ನೆ ಕೂತಿದ್ದಳು. ಅವಳ ಅಪ್ಪ ಕಬ್ಬು ಬೆಳೆಯುವವರು. ಆಮೇಲೆ ಕೇಳಿದಳು. "ಹಾಗಾದ್ರೆ ಕಾಗದ ಸರಿ ಇದ್ದು ಬೆಲ್ಲವೇ ಕೆಟ್ಟದ್ದಾದ್ರೆ?"

"ಆಗಲೂ ಬ್ಯಾಂಕು ದುಡ್ಡು ಕೊಡುತ್ತೆ ಕಣಮ್ಮ. ಮೋಸ ಅಂತ ಸಾಬೀತಾದ್ರೆ ಅದು ಕೋರ್ಟಿನ ಮಾತು, ಬೇರೆ."

"ಮತ್ತೆ ಕೊಳ್ಳೋರು ಏನು ಮಾಡ್ಬೇಕು?"

"ನೀನೇ ಯೋಚನೆ ಮಾಡು."

ಅವಳು 46ಎ ಕಲಂ ತೆಗೆದಳು. ಬೇಕಾದ ದಾಖಲೆಗಳ ಪಟ್ಟಿ ಇರುವುದು ಅಲ್ಲಿ. "ಲ್ಯಾಬ್ ರಿಪೋರ್ಟ್ ಬೇಕು ಅಂತ ಇಲ್ಲೇ ಬರೆಸ್ಬೇಕು. ಅಲ್ವಾ ಮೇಡಂ?" ಅಷ್ಟೇ. ಗುಣಮಟ್ಟ ಮುಖ್ಯವಾದರೆ ಅದನ್ನೂ ಒಂದು ಕಾಗದ ಮಾಡಿ ಕೇಳಬೇಕು. ಇದು ಹೊಳೆದವರಿಗೆ ಬೆಲೆ ಮಾತಾಡುವುದು, ರಿಸ್ಕ್ ಹಂಚುವುದು, ಇವರು ಕೇಳುವ ಆ ಸ್ಟ್ರಾಟೆಜಿ, ಎಲ್ಲವೂ ಬೇಗ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ. ನಾನು ಹೇಳಿದ್ದು ಸಾಮಾನ್ಯ ನಿಯಮ. ಎಲ್‌ಸಿಯಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಸರಕು ಹಡಗು ಹತ್ತಿದ ಮೇಲೆ 21 ದಿನದೊಳಗೆ ಕಾಗದ ಕೊಡಬೇಕು ಅಂತ ಪುಸ್ತಕದಲ್ಲಿ ಓದಿರುತ್ತೀರಿ. ನಿಮ್ಮ ಎಲ್‌ಸಿ 10 ದಿನ ಅಂದರೆ ಹತ್ತೇ ದಿನ. ಎಲ್‌ಸಿ ಅವಧಿ ಅದಕ್ಕೂ ಮುಂಚೆ ಮುಗಿದರೆ ಅಷ್ಟೂ ಇಲ್ಲ. ಅನುಮಾನ ಬಂದರೆ ಸರಕು ಕಳಿಸುವ ಮುಂಚೆಯೇ ನಿಮ್ಮ ಬ್ಯಾಂಕಿನವರನ್ನು ಕೇಳಿ.

ಅಪ್ಪ ಅಮ್ಮಂದಿರೂ ಬರುತ್ತಾರೆ. "ಈ ಕೋರ್ಸ್ ಮಾಡಿದ್ರೆ ಯಾವ ದೇಶಕ್ಕೆ ಹೋಗ್ಬೋದು ಮೇಡಂ?" ಡಿಗ್ರಿಯ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಹೋಗುವವರು ಹೋಗುತ್ತಾರೆ, ಅದರ ದಾರಿ ಬೇರೆ. ಇಲ್ಲೇ ಮೈಸೂರು, ಮಂಡ್ಯದಲ್ಲಿ ಸರಿಯಾಗಿ ಎಲ್‌ಸಿ ಓದುವವರು ಸಿಗದೆ ನಾನೇ ಒದ್ದಾಡುತ್ತಿದ್ದೇನೆ.

ಕಾಲೇಜು ಸೇರುವ ಮುಂಚೆ ಸಿಲಬಸ್ ತೆಗೆಸಿ ನೋಡಿ. ರಫ್ತು ವಿಧಾನ ಮತ್ತು ದಾಖಲೆಗಳಿಗೆ ಪ್ರತ್ಯೇಕ ಪೇಪರ್ ಇದೆಯಾ? ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋಗೋ ಮಂಗಳೂರಿನ ಬಂದರಿಗೋ ಕರೆದುಕೊಂಡು ಹೋಗುತ್ತಾರಾ? ಎರಡು ವರ್ಷದಲ್ಲಿ ಒಂದು ಸಲವಾದರೂ ನಿಜವಾದ ಎಲ್‌ಸಿ ಕೈಗೆ ಕೊಡುತ್ತಾರಾ? ಇಲ್ಲ ಅಂದರೆ ಊರಿನ ಯಾವುದಾದರೂ ರಫ್ತುದಾರರ ಹತ್ತಿರ ಹೋಗಿ ಹಳೆಯದೊಂದು ಕೇಳಿ. ಹೆಸರು, ಮೊತ್ತ ಮುಚ್ಚಿ ಜೆರಾಕ್ಸ್ ಕೊಡುತ್ತಾರೆ. ಆ ಬೆಲ್ಲದ ಫೈಲನ್ನು ನಾನೂ ಹಾಗೆ ಮಾಡಿ ಇಟ್ಟಿದ್ದೇನೆ. ಬರುವಾಗ ಒಂದು ಪೆನ್ಸಿಲ್ ತನ್ನಿ.