ಎಡಗೈಯಲ್ಲಿ ಬಿಪಿ ಸಿಗದ ಹುಡುಗಿ, ತೂಬಿನ ಹತ್ತಿರ ಇಲ್ಲದ ನೀರುಗಂಟಿ

ಮದ್ದೂರು ಕಡೆಯಿಂದ ಅಮ್ಮನ ಜೊತೆ ಬಂದಿದ್ದ ಹುಡುಗಿ, ವಯಸ್ಸು ಇಪ್ಪತ್ತರ ಆಸುಪಾಸು. ನಮ್ಮ ಸಿಸ್ಟರ್ ಅವಳ ಎಡಗೈಗೆ ಬಿಪಿ ಪಟ್ಟಿ ಸುತ್ತಿ ಗಾಳಿ ಹಾಕಿದರು, ಬಿಟ್ಟರು, ಮತ್ತೆ ಹಾಕಿದರು. ‘ಸಾರ್, ಮಷಿನ್ ಕೆಟ್ಟಿರ್ಬೇಕು, ಏನೂ ತೋರಿಸ್ತಿಲ್ಲ’ ಅಂದರು. ಬಲಗೈಗೆ ಸುತ್ತಿದರೆ ಮೇಲಿನ ಬಿಪಿ 150. ಮಷಿನ್ ಚೆನ್ನಾಗೇ ಇತ್ತು. ಎಡ ಮಣಿಕಟ್ಟಿನಲ್ಲಿ ನಾಡಿ ಬೆರಳಿಗೆ ಸಿಗಲಿಲ್ಲ. ಕೊರಳ ಬುಡದಲ್ಲಿ ಸ್ಟೆತ್ ಇಟ್ಟರೆ, ನಲ್ಲಿ ಪೈಪಿನ ಬಾಯನ್ನು ಬೆರಳಿಂದ ಅರ್ಧ ಮುಚ್ಚಿದಾಗ ಬರುತ್ತಲ್ಲ, ಅಂಥ ಸುಯ್ ಸುಯ್ ಸದ್ದು.

ಎಷ್ಟೋ ತಿಂಗಳಿಂದ ಬಟ್ಟೆ ಒಗೆದು ತಂತಿಗೆ ಹಾಕುವಾಗ, ಜಡೆ ಹೆಣೆಯುವಾಗ ಎಡಗೈ ಸೋತು ಕೆಳಗೆ ಬೀಳುತ್ತಿತ್ತಂತೆ. ಸಂಜೆ ಮೈ ಬೆಚ್ಚಗಾಗುತ್ತಿತ್ತು, ತೂಕ ಇಳಿದಿತ್ತು. ಮೊದಲು ತೋರಿಸಿದ ಕಡೆ ನಿಶ್ಶಕ್ತಿ ಅಂತ ಟಾನಿಕ್ ಕೊಟ್ಟಿದ್ದರು. ಎರಡೂ ಕೈಯಲ್ಲಿ ಬಿಪಿ ಯಾರೂ ನೋಡಿರಲಿಲ್ಲ. ಸ್ಕ್ಯಾನ್‌ನಲ್ಲಿ ಎಡಗೈಗೆ ಹೋಗುವ ರಕ್ತನಾಳ ದಾರದಷ್ಟು ಸಣ್ಣಗಾಗಿತ್ತು. ಕಾಯಿಲೆ ಹೆಸರು ಟಕಾಯಾಸು ಆರ್ಟರೈಟಿಸ್, ಅಂದರೆ ಮೈಯ ಇಮ್ಯುನಿಟಿಯೇ ದೊಡ್ಡ ರಕ್ತನಾಳಗಳ ಗೋಡೆಯ ಮೇಲೆ ತಿರುಗಿಬಿದ್ದು ಊತ ತರುವುದು. 1908ರಲ್ಲಿ ಜಪಾನಿನ ಟಕಾಯಾಸು ಅನ್ನುವ ಕಣ್ಣಿನ ಡಾಕ್ಟರು ಒಬ್ಬ ಯುವತಿಯ ಕಣ್ಣಿನ ರಕ್ತನಾಳಗಳನ್ನು ನೋಡಿ ಇದನ್ನು ವಿವರಿಸಿದರು. ಏಷ್ಯಾದ ಹೆಣ್ಣುಮಕ್ಕಳಲ್ಲೇ ಇದು ಜಾಸ್ತಿ.

‘ಸಾ, ನಮ್ ಮಗೀಗೆ ಇಮ್ಯುನಿಟಿ ಕಮ್ಮಿಯಾಗ್ಬುಟ್ಟದೆ, ಅದು ಏರಾಕೆ ಏನಾರ ಬರ್ಕೊಡಿ’ ಅಂದರು ಅಮ್ಮ. ಅಮೃತಬಳ್ಳಿ ಕಷಾಯ ಆಗಲೇ ಶುರುವಾಗಿತ್ತು. ಈ ಮಾತು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ಇವಳಿಗೆ ಇಮ್ಯುನಿಟಿ ಕಡಿಮೆ ಆಗಿರಲಿಲ್ಲ. ಅದಕ್ಕೆ ಹಿಡಿತ ಹಾಕುವವರು ಕಡಿಮೆ ಆಗಿದ್ದರು.

ಅವರದು ವಿಸಿ ನಾಲೆ ಬಯಲು, ಆದ್ದರಿಂದ ನೀರುಗಂಟಿಯ ಲೆಕ್ಕದಲ್ಲೇ ಹೇಳಿದೆ. ನಾಲೆಯಲ್ಲಿ ನೀರು ಬಂದರೆ ಸಾಲದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ತೂಬು ಎತ್ತಿ ಇಳಿಸುವವನು ಬೇಕು ಅಲ್ವಾ? ಮೈಯಲ್ಲಿ ಆ ಕೆಲಸ ಮಾಡುವ ಬಿಳಿ ರಕ್ತಕಣಕ್ಕೆ ಟಿ-ರೆಗ್ ಅನ್ನುತ್ತೇವೆ. ಇದು ಟಿ ಕಣ ಅನ್ನುವ ಬಿಳಿ ರಕ್ತಕಣಗಳಲ್ಲೇ ಒಂದು ಬಗೆ. ಬೇರೆ ಟಿ ಕಣಗಳು ಬೆಳೆಯಲು ಬೇಕಾದ ಐಎಲ್-2 ಅನ್ನುವ ರಾಸಾಯನಿಕವನ್ನು ಇದು ತಾನೇ ಹೀರಿಕೊಳ್ಳುತ್ತದೆ, ಐಎಲ್-10 ಅನ್ನುವ ಇನ್ನೊಂದನ್ನು ಹೊರಬಿಟ್ಟು ಉಳಿದವರನ್ನು ತಣ್ಣಗಿಡುತ್ತದೆ. ಜಪಾನಿನ ವಿಜ್ಞಾನಿ ಸಕಾಗುಚಿ 1995ರಲ್ಲಿ ಇದನ್ನು ಗುರುತಿಸಿದರು. 2001ರಲ್ಲಿ ಬ್ರಂಕೋ ಮತ್ತು ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ3 ಅನ್ನುವ ಜೀನ್ ಹಿಡಿದರು, ಆಮೇಲೆ ಅದೇ ಟಿ-ರೆಗ್‌ನ ಮೂಲ ಅಂತ ಗೊತ್ತಾಯಿತು. ಮೂವರಿಗೂ 2025ರಲ್ಲಿ ನೊಬೆಲ್ ಬಂತು.

ಈಗ ರಕ್ತನಾಳದ ಗೋಡೆಗೆ ಬನ್ನಿ. ಹೊರಪದರದಲ್ಲಿ ಕಾವಲು ಕಣಗಳು ಸುಮ್ನೆ ಕೂತಿರುತ್ತವೆ. ಯಾವುದೋ ಕಾರಣಕ್ಕೆ ಎಚ್ಚರವಾದರೆ ಟಿ ಕಣಗಳನ್ನು ಕರೆಯುತ್ತವೆ, ಅವು ಬಂದು ಇನ್ನಷ್ಟು ಜನರನ್ನು ಕರೆಯುತ್ತವೆ, ಊತ ಒಳಗೊಳಗೇ ಇಳಿಯುತ್ತದೆ, ಕೊನೆಗೆ ಒಳಪದರ ದಪ್ಪಗಾಗಿ ರಕ್ತ ಹರಿಯುವ ದಾರಿಯೇ ಮುಚ್ಚುತ್ತಾ ಬರುತ್ತದೆ. ಈ ಗಲಾಟೆಯಲ್ಲಿ ಐಎಲ್-6 ಅನ್ನುವ ರಾಸಾಯನಿಕ ಏರುತ್ತದೆ. ನನಗೆ ತುಂಬಾ ಕುತೂಹಲ ಹುಟ್ಟಿಸುವುದು ಇದೇ ಜಾಗ. ಇನ್ನೂ ಕೆಲಸ ಗೊತ್ತಾಗದ ಎಳೆಯ ಟಿ ಕಣಕ್ಕೆ ಟಿಜಿಎಫ್-ಬೀಟಾ ಅನ್ನುವ ರಾಸಾಯನಿಕ ಮಾತ್ರ ಸಿಕ್ಕರೆ ಅದು ಟಿ-ರೆಗ್ ಆಗುವ ದಾರಿ ಹಿಡಿಯುತ್ತದೆ. ಜೊತೆಗೆ ಐಎಲ್-6 ಸೇರಿದರೆ ಟಿಎಚ್-17 ಅನ್ನುವ ಜಗಳಗಂಟ ಆಗುತ್ತದೆ. ಅಂದರೆ ನೀರುಗಂಟಿ ಆಗಬೇಕಿದ್ದ ಹುಡುಗನೇ ತೂಬು ಒಡೆಯಲು ನಿಲ್ಲುತ್ತಾನೆ.

ಸ್ಟೀರಾಯ್ಡ್ ಎಲ್ಲರ ಬಾಯನ್ನೂ ಒಟ್ಟಿಗೆ ಮುಚ್ಚಿಸುತ್ತದೆ. ಬೇಗ ಕೆಲಸ ಮಾಡುತ್ತದೆ, ಶುರುವಿನಲ್ಲಿ ಅದು ಬೇಕೇ ಬೇಕು. ಆದರೆ ಇದರದೇ ಜಾತಿಯ, 50 ದಾಟಿದವರಿಗೆ ಬರುವ ಜೈಂಟ್ ಸೆಲ್ ಆರ್ಟರೈಟಿಸ್‌ನಲ್ಲಿ ಕಂಡಿರುವುದೇನೆಂದರೆ, ಸ್ಟೀರಾಯ್ಡ್‌ಗೆ ಟಿಎಚ್-17 ಗುಂಪು ಬೇಗ ಅಡಗುತ್ತದೆ, ಟಿಎಚ್-1 ಅನ್ನುವ ಟಿ ಕಣಗಳ ಇನ್ನೊಂದು ಗುಂಪು ಮಾತ್ರ ಗೋಡೆಯೊಳಗೆ ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತದೆ. ಮಾತ್ರೆ ಇಳಿಸುವಾಗ ಕಾಯಿಲೆ ಮರಳುವುದಕ್ಕೆ ಇದೂ ಒಂದು ಕಾರಣ. ಮುಖ ಊದಿತು ಅಂತ ಮನೆಯಲ್ಲೇ ಸ್ಟೀರಾಯ್ಡ್ ನಿಲ್ಲಿಸುವವರ ಮೇಲೆ ನನಗೆ ನಿಜವಾಗಿ ಕೋಪ ಬರುತ್ತದೆ. ತಿಂಗಳುಗಟ್ಟಲೆ ತಗೊಂಡಮೇಲೆ ಮೈ ತನ್ನ ಸ್ಟೀರಾಯ್ಡ್ ಮಾಡುವುದನ್ನೇ ಕಡಿಮೆ ಮಾಡಿರುತ್ತದೆ, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಹುಡುಗಿಗೆ ಸ್ಟೀರಾಯ್ಡ್ ಜೊತೆ ಇಮ್ಯುನಿಟಿ ತಗ್ಗಿಸುವ ಮೆಥೊಟ್ರೆಕ್ಸೇಟ್ ಕೊಟ್ಟೆವು. ಅದು ಸಾಲದಾದಾಗ, ಟಿಬಿ ಇಲ್ಲ ಅಂತ ನೋಡಿಕೊಂಡು ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಶುರು ಮಾಡಿದೆವು. ಇದು ಐಎಲ್-6ರ ದಾರಿಯನ್ನಷ್ಟೇ ಮುಚ್ಚುತ್ತದೆ. ದುಬಾರಿ, ಆ ಮಾತು ಬೇರೆ.

ಮೊನ್ನೆ ಅಮ್ಮ ಲ್ಯಾಬ್ ಚೀಟಿ ಹಿಡಿದು ನಗುತ್ತಾ ಬಂದರು. ‘ಸಿಆರ್‌ಪಿ ಇಳ್ದೋಗದೆ ಸಾ, ವಾಸಿಯಾಯ್ತಲ್ವಾ?’ ಸಿಆರ್‌ಪಿ ಅಂದರೆ ಮೈಯಲ್ಲಿ ಊತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಲಿವರ್ ಸಿಆರ್‌ಪಿ ಮಾಡುವುದೇ ಮುಖ್ಯವಾಗಿ ಐಎಲ್-6ರ ಮಾತು ಕೇಳಿ. ಆ ಮಾತೇ ಕೇಳದಂತೆ ಮಾಡಿರುವಾಗ, ಒಳಗೆ ಊತ ಇದ್ದರೂ ಚೀಟಿಯಲ್ಲಿ ಸೊನ್ನೆಯ ಹತ್ತಿರವೇ ಬರಬಹುದು. ಚೀಟಿ ಪಕ್ಕಕ್ಕಿಟ್ಟು, ಬಟ್ಟೆ ಒಣಗಿ ಹಾಕುವಾಗ ಕೈ ಹೇಗಿದೆ ಅಂತ ಹುಡುಗಿಯನ್ನೇ ಕೇಳಿದೆ. ಅಷ್ಟರಲ್ಲಿ ಸಿಸ್ಟರ್, ನಾನು ಹೇಳದೇನೇ, ಎರಡನೇ ಕೈಗೂ ಪಟ್ಟಿ ಸುತ್ತುತ್ತಿದ್ದರು.