ಐದು ಪಿನ್ನಿನ ಕೇಬಲ್ ಮತ್ತು ಗುಂಯ್‌ಗುಡುವ ಕಂಪ್ಯೂಟರ್

ತೀರ್ಥಹಳ್ಳಿ ಸಮೀಪದ ಹಂಚಿನ ಮನೆಯೊಂದರಲ್ಲಿ ಭಾವಗೀತೆಗಳ ಧ್ವನಿಮುದ್ರಣಕ್ಕೆ ಕುಳಿತಿದ್ದೆವು. ಆಷಾಢದ ಮಳೆ ಹೊಳವಾಗುವುದನ್ನೇ ಕಾದು, ಗಾಯಕಿಯ ಮೈಕನ್ನೂ ಕೀಬೋರ್ಡಿನ ಧ್ವನಿಯ ಕೇಬಲನ್ನೂ ಆಡಿಯೊ ಇಂಟರ್‌ಫೇಸಿಗೆ, ಅಂದರೆ ಧ್ವನಿಯನ್ನು ಲ್ಯಾಪ್‌ಟಾಪಿಗೆ ಒಯ್ಯುವ ಪೆಟ್ಟಿಗೆಗೆ, ಜೋಡಿಸಿದೆವು. ಎಲ್ಲವೂ ನಿಶ್ಶಬ್ದ. ನುಡಿಸಿದ ಸ್ವರಗಳು ಮಿಡಿಯಾಗಿಯೂ, ಅಂದರೆ ವಾದ್ಯಗಳ ಸಂಕೇತಭಾಷೆಯಲ್ಲೂ, ದಾಖಲಾಗಲಿ ಎಂದು ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದೇ ತಡ, ಹೆಡ್‌ಫೋನಿನಲ್ಲಿ ಜೀರುಂಡೆ ಹೊಕ್ಕಂತೆ ಗುಂಯ್ ಎಂಬ ಸದ್ದು.

ಈ ಸದ್ದಿಗೆ ಪರಿಹಾರವನ್ನು ನಲವತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು.

ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳಿಗೆ (ವಿದ್ಯುನ್ಮಾನ ವಾದ್ಯಗಳಿಗೆ) ಒಂದೇ ಭಾಷೆ ಬೇಕೆಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಮೊದಲಾದವರು ದುಡಿದದ್ದರ ಫಲ ಮಿಡಿ. 1983ರ ಜನವರಿಯಲ್ಲಿ, ಅಮೆರಿಕದ ವಾದ್ಯೋದ್ಯಮ ಪ್ರದರ್ಶನದಲ್ಲಿ, ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜೂಪಿಟರ್-6 ಪರಸ್ಪರ ಮಾತಾಡಿದವು. ಮಿಡಿಯ ಐದು ಪಿನ್ನಿನ ಕೇಬಲಿನಲ್ಲಿ ನಾದ ಹರಿಯುವುದಿಲ್ಲ. ಕೀಬೋರ್ಡಿನ ಯಾವ ಮನೆ ಒತ್ತಿದರು, ಎಷ್ಟು ಬಿರುಸಾಗಿ, ಯಾವಾಗ ಬಿಟ್ಟರು ಎಂಬ ಸೂಚನೆಗಳು ಮಾತ್ರ, ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ.

ನನಗೆ ಬಹಳ ಮೆಚ್ಚುಗೆಯಾಗುವುದು ಅದರ ವಿದ್ಯುತ್ ವ್ಯವಸ್ಥೆ. ಸಂದೇಶ ಪಡೆಯುವ ಉಪಕರಣದೊಳಗೆ ಪುಟ್ಟ ಎಲ್‌ಇಡಿ ಮಿನುಗುತ್ತದೆ, ಎದುರಿನ ಸಂವೇದಕ ಆ ಬೆಳಕನ್ನು ಓದುತ್ತದೆ. ನಡುವೆ ತಂತಿಯ ನಂಟೇ ಇಲ್ಲ. ಕೇಬಲಿನೊಳಗಿನ ಲೋಹದ ಕವಚವನ್ನೂ ಕಳುಹಿಸುವ ತುದಿಯಲ್ಲಷ್ಟೇ ಗ್ರೌಂಡಿಗೆ (ಉಪಕರಣದ ಶೂನ್ಯ ವೋಲ್ಟಿನ ನೆಲೆಗೆ) ಸೇರಿಸಬೇಕೆಂದು ನಿಯಮವಿತ್ತು. ಒಂದು ಉಪಕರಣದ ಕೊಳಕು ಇನ್ನೊಂದಕ್ಕೆ ಹರಿಯದಂತೆ ಕಟ್ಟಿದ ಒಡ್ಡು ಅದು.

1985ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಐದು ಪಿನ್ನಿನ ಮಿಡಿ ಕಿಂಡಿಗಳು ಜೊತೆಗೇ ಬಂದವು. ಮುಂದೆ ಪಿಸಿಗಳಲ್ಲಿ ಸೌಂಡ್ ಕಾರ್ಡಿನ ಜಾಯ್‌ಸ್ಟಿಕ್ ಕಿಂಡಿಯೇ ಆ ಕೆಲಸ ಮಾಡಿತು. 1996ರಲ್ಲಿ ಯುಎಸ್‌ಬಿ ಬಂತು, 1999ರಲ್ಲಿ ಅದರ ಮೇಲೆ ಮಿಡಿ ಸಾಗಿಸುವ ನಿಯಮಗಳೂ ಬಂದವು. ಅಗ್ಗ, ಸುಲಭ, ಹಳ್ಳಿಮನೆಯ ಕೋಣೆಯೂ ಸ್ಟುಡಿಯೊ ಆಗಲು ಯುಎಸ್‌ಬಿಯ ಉಪಕಾರ ದೊಡ್ಡದು. ಆದರೆ ಆ ಕೇಬಲಿನಲ್ಲಿ ಗ್ರೌಂಡ್ ತಂತಿಯೂ ಇದೆ. ನಮ್ಮ ಕೋಣೆಯಲ್ಲಿ ಕೀಬೋರ್ಡು, ಇಂಟರ್‌ಫೇಸು, ಲ್ಯಾಪ್‌ಟಾಪು ಮೂರೂ ಸೇರಿ ಗ್ರೌಂಡಿನ ಬಳೆಯೊಂದು ಪೂರ್ಣಗೊಂಡಿತ್ತು. ಲ್ಯಾಪ್‌ಟಾಪಿನ ವಿದ್ಯುತ್ ಗಲಾಟೆ ಆ ಬಳೆಯಲ್ಲಿ ಸುತ್ತಿ ಧ್ವನಿಯ ಕೇಬಲಿಗೆ ಇಳಿಯುತ್ತಿತ್ತು.

ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತಿಂಗ್ ಪಿನ್ನನ್ನೇ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ನೆಲ, ಗೋಡೆ ಎಲ್ಲವೂ ತೇವ. ಲೋಹದ ಮೈಕು ಹಿಡಿದು ಬರಿಗಾಲಲ್ಲಿ ನಿಂತವರ ಜೀವ ಕಾಯುವುದು ಆ ಪಿನ್ನೇ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಬಹುದು, ಎಲ್ಲ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ಹಾಕಬಹುದು, ಧ್ವನಿಯ ಕೇಬಲಿನ ನಡುವೆ, ತಂತಿಯ ನೇರ ನಂಟಿಲ್ಲದೆ ಧ್ವನಿಯನ್ನು ದಾಟಿಸುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಇಡಬಹುದು.

ನಮ್ಮ ಇಂಟರ್‌ಫೇಸಿನ ಹಿಂಬದಿಯಲ್ಲಿ ಯಾರೂ ಬಳಸದ ಐದು ಪಿನ್ನಿನ ಕಿಂಡಿಯಿತ್ತು, ಕೀಬೋರ್ಡಿನಲ್ಲೂ ಇತ್ತು. ಯುಎಸ್‌ಬಿ ಕಿತ್ತು ಹಳೆಯ ಮಿಡಿ ಕೇಬಲನ್ನು ಅವೆರಡರ ನಡುವೆ ಜೋಡಿಸಿದೆವು. ಗುಂಯ್ ನಿಂತಿತು, ಸ್ವರಗಳೂ ದಾಖಲಾದವು. ಮತ್ತೆ ಮಳೆ ಹಂಚಿನ ಮೇಲೆ ಬೀಳುವಷ್ಟರಲ್ಲಿ ಎರಡು ಹಾಡುಗಳು ಮುಗಿದಿದ್ದವು.