ಬರದ ವರ್ಷದಲ್ಲಿ ಹುಟ್ಟಿದ ಗಾಲ್ಫ್ ಕ್ಲಬ್ಬು

ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಸ್ಟೇಷನ್ನಿಂದ ಆಟೊ ಹಿಡಿದು, ರೇಸ್‌ಕೋರ್ಸ್ ದಾಟಿ ಸ್ಯಾಂಕಿ ರಸ್ತೆಗೆ ಬಂದರೆ ಪಕ್ಕದಲ್ಲಿ ಎತ್ತರದ ಬಲೆ ಕಾಣುತ್ತದೆ. ಗಾಲ್ಫ್ ಚೆಂಡಿನ ತೂಕ 46 ಗ್ರಾಂ ಹತ್ತಿರ. ನೋಡೋಕೆ ನಿಂಬೆಹಣ್ಣಿನಷ್ಟು, ಆದರೆ ಕಾರಿನ ಗಾಜಿಗೆ ಬಡಿದರೆ ಗಾಜು ಉಳಿಯಲ್ಲ. ಬಲೆ ಕಟ್ಟಿರುವುದು ಅದಕ್ಕೇ. ಆಚೆಗಿರುವುದು ಬೆಂಗಳೂರು ಗಾಲ್ಫ್ ಕ್ಲಬ್ಬು. ಶುರುವಾದದ್ದು 1876ರಲ್ಲಿ.

ಆ ಇಸವಿ ಕೇಳಿದರೆ ನಮ್ಮ ಕಡೆಯವರಿಗೆ ಬೇರೇನೋ ನೆನಪಾಗಬೇಕು. ಅದು ಧಾತು ಸಂವತ್ಸರ. ಮುಂದಿನದು ಈಶ್ವರ. ಎರಡೂ ಸೇರಿ 'ಧಾತು ಈಶ್ವರ ಬರ' ಅಂತ ಹಳಬರ ಬಾಯಲ್ಲಿ ಉಳಿದಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮೈಸೂರು ಸಂಸ್ಥಾನದಲ್ಲಂತೂ ಸುಮಾರು ಹತ್ತು ಲಕ್ಷ ಜನ ಸತ್ತರು. ಕ್ಲಬ್ಬಿನವರು ಬರಕ್ಕೆ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ವರ್ಷದಲ್ಲಿ ಒಂದು ಕಡೆ ಗಂಜಿ ಕೇಂದ್ರ, ಇನ್ನೊಂದು ಕಡೆ ಗಾಲ್ಫ್ ಕೋಲು. ಆ ಕಾಲ ಹಾಗಿತ್ತು.

ಈ ಆಟ ಭಾರತಕ್ಕೆ ಬಂದದ್ದು ದಂಡಿನ ಜೊತೆಗೆ, ಕಂಪನಿಯ ವ್ಯಾಪಾರದ ಜೊತೆಗೆ. ಕಲ್ಕತ್ತಾದ ಕ್ಲಬ್ಬು 1829ರದು. ಬ್ರಿಟನ್ ದ್ವೀಪಗಳ ಹೊರಗೆ ಅದೇ ಅತಿ ಹಳೆಯದು. ಬೆಂಗಳೂರಿಗೆ ದಂಡು ಬಂದದ್ದು 1809ರಲ್ಲಿ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಸೈನ್ಯವನ್ನು ಇಲ್ಲಿಗೆ ತಂದರು. ಆಗ ಈ ಕ್ಲಬ್ಬಿರುವ ಹೈಗ್ರೌಂಡ್ಸ್ ಅಂದರೆ ಊರಾಚೆಯ ಎತ್ತರದ ಬಯಲು. ಊರ ನಡುವಿನ ಜಾಗವನ್ನು ಯಾರೂ ಆಟಕ್ಕೆ ಕಿತ್ತುಕೊಳ್ಳಲಿಲ್ಲ, ಊರೇ ಬೆಳೆದು ಬಂದು ಅದನ್ನು ಸುತ್ತುವರಿಯಿತು. ಈಗ ಕ್ಲಬ್ಬಿಗಿರುವುದು ಸುಮಾರು 60 ಎಕರೆ. ಚೆಂಡು ಬೀಳಿಸುವ ಕುಳಿ ಹದಿನೆಂಟಿರುವ ಆಟಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಜಾಸ್ತಿ ಬೇಕು. ಇಲ್ಲಿ ಇಕ್ಕಟ್ಟು, ಅದಕ್ಕೇ ರಸ್ತೆ ಇಷ್ಟು ಹತ್ತಿರ.

ಇವತ್ತಿನ ಹಸಿರು ನೋಡಿ ಹಿಂದೆಯೂ ಹೀಗೇ ಇತ್ತು ಅಂದುಕೊಳ್ಳಬೇಡಿ. ನೀರಿಲ್ಲದ ಊರುಗಳಲ್ಲಿ ಕುಳಿಯ ಸುತ್ತ ಹುಲ್ಲಿನ ಬದಲು ಮರಳು ಹಾಸುತ್ತಿದ್ದರು. ಮರಳಿಗೆ ಎಣ್ಣೆ ಕಲಸಿದರೆ ಗಾಳಿಗೆ ಹಾರುವುದಿಲ್ಲ, ಚೆಂಡು ಉರುಳುತ್ತದೆ. ಅದರ ಹೆಸರು 'ಬ್ರೌನ್'. ಒಂದು ಗುಂಪು ಆಡಿ ಮುಂದೆ ಹೋದ ಮೇಲೆ ಹೆಜ್ಜೆ ಗುರುತು ಅಳಿಸಲು ಒಬ್ಬ ಹುಡುಗ ಚಾಪೆಯಂಥದ್ದನ್ನು ಎಳೆಯುತ್ತಾ ಸುತ್ತು ಹಾಕಬೇಕು. ಆಮೇಲೆ ಮುಂದಿನ ಗುಂಪು. ನಮ್ಮ ಬಳ್ಳಾರಿಯ ಬಿಸಿಲಿಗೆ ಹೇಳಿ ಮಾಡಿಸಿದ ವ್ಯವಸ್ಥೆ, ಅಲ್ವಾ?

ಆ ಹುಡುಗರ ಕಥೆಯೇ ನನಗೆ ಈ ಆಟದಲ್ಲಿ ಜಾಸ್ತಿ ಇಷ್ಟ. ಬೇರೆಯವರ ಗಾಲ್ಫ್ ಕೋಲುಗಳ ಚೀಲ ಹೊತ್ತು, ಅವರ ಹೊಡೆತ ನೋಡಿ ನೋಡಿ ಆಟ ಕಲಿತವರು. ಹೀಗೆ ಚೀಲ ಹೊರುವ ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು.

ದಂಡು ಬಳ್ಳಾರಿಯಲ್ಲೂ ಇತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಇಲ್ಲಿ ದೊಡ್ಡ ಕಂಟೋನ್ಮೆಂಟೇ ಬೆಳೆಯಿತು. ಕೌಲ್‌ಬಜಾರ್ ಇನ್ನೂ ಆ ಕಾಲದ ಗುರುತು. ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೈನಿಕರನ್ನು ಇಲ್ಲಿ ಕೈದಿಗಳಾಗಿ ಇಟ್ಟಿದ್ದರು. ಆದರೆ ದಂಡು ಹೋದ ಮೇಲೆ ಬಯಲುಗಳೂ ಕರಗಿದವು. ಬೆಂಗಳೂರಿನ ಬಯಲು ಉಳಿದದ್ದಕ್ಕೆ ಕಾರಣ ಆಟದ ಮಹಿಮೆಯಲ್ಲ. ಬಿಳಿಯರು ಹೋದರೂ ಕ್ಲಬ್ಬು ಹೋಗಲಿಲ್ಲ. ಅಧಿಕಾರಿಗಳು, ಉದ್ಯಮಿಗಳು ಅದರ ಸದಸ್ಯರಾದರು. ಅಂಥವರ ಜಾಗಕ್ಕೆ ಕೈ ಹಾಕುವುದು ಸುಲಭವಲ್ಲ. ಅದರಿಂದ ಮರಗಳೂ ಉಳಿದವು, ಅದನ್ನು ಒಪ್ಪಬೇಕು. ಇನ್ನೊಂದು ಕಡೆ, ಬೆಂಗಳೂರಿನದೇ ಚಲ್ಲಘಟ್ಟದಲ್ಲಿ ಕೆರೆ ಇದ್ದ ಜಾಗದಲ್ಲೇ ಇನ್ನೊಂದು ಗಾಲ್ಫ್ ಮೈದಾನ ಎದ್ದಿತು.

ಆಟದ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಅಲ್ಲಿನ ಹಳೆಯ ಮೈದಾನ ಊರ ಜನರ ಸಾರ್ವಜನಿಕ ಜಾಗ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ. ಜನ ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಅಡ್ಡಾಡುತ್ತಾರೆ. ಬೆಂಗಳೂರಿನದು ಸದಸ್ಯರ ಕ್ಲಬ್ಬು, ಸುಮ್ನೆ ಒಳಗೆ ಹೋಗಿ ತಿರುಗಾಡೋಕೆ ಆಗಲ್ಲ. ವಾರಕ್ಕೊಂದು ಬೆಳಿಗ್ಗೆ ಗೇಟು ತೆರೆದರೆ ಹುಲ್ಲೇನೂ ಸವೆಯದು ಅಂತ ನನ್ನ ಲೆಕ್ಕ. ಅಲ್ಲಿವರೆಗೆ ನೋಡುವ ಆಸೆ ಇದ್ದವರು ಕುಮಾರಕೃಪಾ ರಸ್ತೆಯ ಅಶೋಕ ಹೋಟೆಲಿನಲ್ಲಿ ಮೇಲಿನ ಮಹಡಿಯ ಕೋಣೆ ಹಿಡಿಯಬೇಕು, ಇಲ್ಲವೇ ಸ್ಯಾಂಕಿ ರಸ್ತೆಯಲ್ಲಿ ಬಲೆಗೆ ಮುಖವಿಟ್ಟು ನಿಲ್ಲಬೇಕು.